ನಾನೂರ ಹನ್ನೆರಡನೆಯ ಮುಖ

ಯಂತ್ರ ಮುನ್ನೂರ ತೊಂಬತ್ತೇಳಕ್ಕೆ ಬಂದು ನಿಂತುಬಿಟ್ಟಿತು.

ಸೂಜಿ ಕುರ್ಚಿಯ ತುದಿಗೆ ಸರಿದಳು. ಬೆಳಿಗ್ಗೆಯಿಂದ ಒಂದೊಂದೇ ದಾಖಲೆಯನ್ನು ತೆರೆದು, ಅದರೊಳಗಿನ ಚಿತ್ರವನ್ನು ಕಿತ್ತುಹಾಕಿ, ಮುಂದಿನದಕ್ಕೆ ಹೋಗುತ್ತಿದ್ದ ಕಂಪ್ಯೂಟರು ಈಗ ಮಿಸುಕದೆ ಕೂತಿತ್ತು. ಕೀಲಿ ಒತ್ತಿದರೂ ಇಲ್ಲ, ಮೌಸ್ ಅಲ್ಲಾಡಿಸಿದರೂ ಇಲ್ಲ. ತಲೆಯ ಮೇಲೆ ಫ್ಯಾನು ಮಾತ್ರ ಕಟಕಟ ಎನ್ನುತ್ತ ತಿರುಗುತ್ತಿತ್ತು.

“ಏನಾಯ್ತು ಮೇಡಂ?” ಗೋಡೆಯ ಪಕ್ಕದ ಬೆಂಚಿನಿಂದ ಆ ಹೆಂಗಸು ಎದ್ದು ನಿಂತಳು. “ಹೋಯ್ತಾ? ಎಲ್ಲಾ ಹೋಯ್ತಾ?”

“ಎಲ್ಲೂ ಹೋಗಿಲ್ಲ. ಕೂತ್ಕೊಳ್ಳಿ ದರ್ಜಿಯಕ್ಕ.”

ಅವಳು ಕೂರಲಿಲ್ಲ. ಮೂರು ವಾರದ ಹಿಂದಿನ ಒಂದು ಮಂಗಳವಾರ ಸಂಜೆ, ಇದೇ ದಾಖಲೆ ಕೋಣೆಯ ಕಿಂಡಿಯಾಚೆ ನಿಂತು, ಇದೇ ಪರದೆಯ ಮೇಲೆ, ವಾರಸುದಾರರಿಲ್ಲದ ಹೆಣಗಳ ಪಟ್ಟಿಯಲ್ಲಿ ನಾನೂರ ಹನ್ನೆರಡನೆಯ ನಂಬರಿಗೆ ತನ್ನ ತಮ್ಮನ ಮುಖ ನೋಡಿದೆ ಎನ್ನುವುದು ಅವಳ ಮಾತು. ಮರುದಿನ ಬೆಳಿಗ್ಗೆ ಕಾಗದಪತ್ರ ಹಿಡಿದುಕೊಂಡು ಬಂದರೆ ಅದೇ ನಂಬರಿನಲ್ಲಿ ಬಿಳಿಗಡ್ಡದ ಮುದುಕನೊಬ್ಬ ಕಣ್ಣು ಮುಚ್ಚಿ ಮಲಗಿದ್ದ.

ಆಸ್ಪತ್ರೆಯಲ್ಲಿ ಯಾರೂ ಅವಳನ್ನು ನಂಬಿರಲಿಲ್ಲ. ದುಃಖದಲ್ಲಿ ಕಣ್ಣು ಏನೇನೋ ಕಾಣುತ್ತದೆ ಎಂದು ಒಬ್ಬರು, ತಲೆ ಸರಿ ಇಲ್ಲ ಎಂದು ಇನ್ನೊಬ್ಬರು. ನಂಬಿದವಳು ಸೂಜಿ ಒಬ್ಬಳೇ.

ಸೂಜಿ ಎಂದರೆ ಆಸ್ಪತ್ರೆಯಲ್ಲಿ ಜನ ತೋಳು ಹಿಂದಕ್ಕೆಳೆದುಕೊಳ್ಳುತ್ತಾರೆ. ಇವಳಿಗೆ ಆ ಹೆಸರಿಟ್ಟದ್ದು ಇವಳ ಅಕ್ಕನ ಗಂಡ, ಈ ಆಸ್ಪತ್ರೆಯ ಫೋಟೋಗ್ರಾಫರು. ಒಂಬತ್ತು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಅಕ್ಕನ ಮನೆಗೆ ಬಂದಾಗ ಹುಡುಗಿ ಕಡ್ಡಿಯ ಹಾಗಿದ್ದಳು, ಬಾಯಿ ಬಿಟ್ಟರೆ ಚುಚ್ಚುತ್ತಿದ್ದಳು. ಈಗ ಮೂವತ್ತನಾಲ್ಕು. ಹಳೆಯ ಕಂಪ್ಯೂಟರುಗಳಲ್ಲಿ ಸಿಕ್ಕಿಬಿದ್ದ ಹಳೆಯ ಡೇಟಾಬೇಸುಗಳನ್ನು ರಿಪೇರಿ ಮಾಡುವುದೇ ಕಸುಬು. ಇನ್ನು ಕಟ್ಟಿದರೆ ಹೊಸದನ್ನೇ ಕಟ್ಟಬೇಕು ಎಂದು ಬೇರೆಯವರು ಕೈಬಿಟ್ಟದ್ದನ್ನು ಇವಳು ಎತ್ತಿಕೊಳ್ಳುತ್ತಾಳೆ.

“ಸೂಜಿಗೆ ಸರಿಯಾಗಿ ದರ್ಜಿ ಸಿಕ್ಕಿದಾರೆ ನೋಡಿ,” ಎಂದು ಬಾಗಿಲ ಕಾವಲುಗಾರ ನಕ್ಕಿದ್ದ, ಇಬ್ಬರೂ ಒಟ್ಟಿಗೆ ಒಳಗೆ ಬರುವಾಗ. ದರ್ಜಿಯಕ್ಕನಿಗೆ ನಗು ಬಂದಿರಲಿಲ್ಲ. ಅವಳ ರವಿಕೆಯ ಎಡತೋಳಿನ ಅಂಚು ಬಿಚ್ಚಿಹೋಗಿತ್ತು. ಅದಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು. ಊರಿನವರ ಬಟ್ಟೆ ಹೊಲಿಯುವವಳಿಗೆ ತನ್ನದನ್ನು ಹೊಲಿದುಕೊಳ್ಳಲು ಮನಸ್ಸೆಲ್ಲಿಂದ ಬರಬೇಕು ಎಂದುಕೊಂಡಳು ಸೂಜಿ.

ಬಾಗಿಲು ತೆರೆದುಕೊಂಡಿತು. ದಾಖಲೆ ವಿಭಾಗದ ಮೇಲ್ವಿಚಾರಕರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸದಾ ಒಂದು ಕರವಸ್ತ್ರ.

“ಮುಗೀತಾ?”

“ಇಲ್ಲ ಸರ್. ನಿಂತಿದೆ.”

“ನಿಲ್ಲಬಾರದಲ್ಲ ಅದು. ಇವತ್ತೇ ಆಗಬೇಕು ಅಂದಿದ್ದೆ.” ಅವರು ಬೆಂಚಿನತ್ತ ನೋಡಿ ದನಿ ತಗ್ಗಿಸಿದರು. “ಇವರು ಯಾಕೆ ಒಳಗಿದಾರೆ?”

“ಹೊರಗೆ ಬಿಸಿಲು.”

ಮೇಲ್ವಿಚಾರಕರು ಕರವಸ್ತ್ರದಿಂದ ಹಣೆ ಒತ್ತಿಕೊಂಡರು. ಅವರ ಅವಸರಕ್ಕೆ ಕಾರಣ ಇಲ್ಲದಿರಲಿಲ್ಲ. ಹನ್ನೆರಡು ವರ್ಷದಿಂದ ಒಂದೊಂದು ಹೆಣಕ್ಕೂ ಒಂದೊಂದು ದಾಖಲೆ, ಒಂದೊಂದು ದಾಖಲೆಯೊಳಗೆ ಒಂದೊಂದು ಫೋಟೋ. ಫೋಟೋ ಸಣ್ಣದೇ. ಆದರೆ ಈ ಹಳೆಯ ಸಾಫ್ಟ್‌ವೇರಿನೊಳಗೆ ಸೇರಿಸಿದ ಕೂಡಲೇ ಹತ್ತು ಪಟ್ಟು ಊದಿಕೊಳ್ಳುತ್ತಿತ್ತು. ಅಸಲಿನ ಜೊತೆಗೆ ತೋರಿಸಲಿಕ್ಕೆಂದು ಹಿಗ್ಗಿಸಿ ಬಿಡಿಸಿದ ಇನ್ನೊಂದು ದೊಡ್ಡ ಪ್ರತಿಯನ್ನು ಅದು ತನ್ನೊಳಗೆ ಇಟ್ಟುಕೊಳ್ಳುತ್ತಿತ್ತು. ಹಾಗೆ ಊದುತ್ತಾ ಊದುತ್ತಾ ಕಡತ ಈಗ ತನ್ನ ಮಿತಿಯ ಅಂಚಿಗೆ ಬಂದಿತ್ತು. ಇನ್ನೊಂದು ನಾಲ್ಕು ಫೋಟೋ ಸೇರಿದರೆ ಇಡೀ ಪಟ್ಟಿಯೇ ತೆರೆಯದೆ ಹೋಗಬಹುದು.

ಅದಕ್ಕೇ ಅವರ ಆದೇಶ: ಒಳಗಿರುವ ಚಿತ್ರಗಳನ್ನೆಲ್ಲ ತೆಗೆದುಬಿಡಿ. ಫೋಟೋಗಳು ಹೇಗೂ ಫೋಟೋ ಕೋಣೆಯ ಫೋಲ್ಡರಿನಲ್ಲಿವೆ. ದಾಖಲೆಯಲ್ಲಿ ವಿಳಾಸ ಮಾತ್ರ ಇರಲಿ, ಫೋಟೋ ಅಲ್ಲಿಂದ ಬಂದು ಕಾಣಿಸಿಕೊಳ್ಳಲಿ.

ಸರಿಯಾದ ರಿಪೇರಿಯೇ. ಸೂಜಿ ಇಂಥದ್ದನ್ನು ನೂರು ಸಲ ಮಾಡಿದ್ದಳು.

“ಸರ್, ಒಂದು ಕೇಳ್ತೀನಿ. ನಾನೂರ ಹನ್ನೆರಡು ತುಂಬಿದ್ದು ಯಾರು?”

“ನಾನೇ. ಗುಮಾಸ್ತೆ ರಜೆಯಲ್ಲಿದ್ಲು.”

“ಫೋಟೋ ಸೇರಿಸುವಾಗ ಮುಖ ನೋಡಿದ್ರಾ?”

ಕರವಸ್ತ್ರ ಮಡಚಿದರು, ಬಿಚ್ಚಿದರು.

“ಯಾರಿಗೂ ಹೇಳಬೇಡಿ. ನನಗೆ ಹೆಣದ ಮುಖ ನೋಡೋಕಾಗಲ್ಲ. ಇಪ್ಪತ್ತಾರು ವರ್ಷ ಸರ್ವೀಸ್ ಆಯ್ತು, ಇವತ್ತಿಗೂ ಆಗಲ್ಲ. ಫೈಲಿನ ನಂಬರ್ ನೋಡ್ತೀನಿ, ಒತ್ತುತೀನಿ, ಮುಖ ತಿರುಗಿಸ್ತೀನಿ.” ಬಾಗಿಲ ಬಳಿ ಹೋಗಿ ಮತ್ತೆ ತಿರುಗಿದರು. “ಐದು ಗಂಟೆಯೊಳಗೆ ಮುಗಿಸಿ. ಸಾಫ್ಟ್‌ವೇರ್ ತಪ್ಪು ಅಂತ ವರದಿ ಬರೀರಿ, ಆ ಹೆಂಗಸಿಗೂ ಸಮಾಧಾನ ಆಗುತ್ತೆ.”

ಅವರು ಹೋದಮೇಲೂ ಸೂಜಿ ಬಾಗಿಲನ್ನೇ ನೋಡುತ್ತಿದ್ದಳು. ಅದು ಸತ್ಯವೋ, ಕಲಿತು ಬಂದ ಮಾತೋ?

ಮುನ್ನೂರ ತೊಂಬತ್ತೇಳರಲ್ಲಿ ಯಂತ್ರ ಎಡವಿದ್ದು ಯಾಕೆಂದು ಕಂಡುಹಿಡಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ ಆ ದಾಖಲೆ ತೆರೆದಳು. ಫೋಟೋ ಇರಬೇಕಾದ ಚೌಕದಲ್ಲಿ ಮುಖವೇ ಇಲ್ಲ. ಒಂದು ಪುಟ್ಟ ಕಾಗದದ ಗುರುತು, ಅದರ ಕೆಳಗೆ ಫೈಲಿನ ಹೆಸರು. ಆ ದಿನ ಈ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ ತೋರಿಸುವ ಪ್ರೋಗ್ರಾಂ ಇರಲಿಲ್ಲವೇನೋ, ಡೇಟಾಬೇಸು ಫೋಟೋವನ್ನು ಫೋಟೋ ಎಂದು ತಿಳಿಯದೆ ಪೊಟ್ಟಣ ಕಟ್ಟಿದ ಹಾಗೆ ಕಟ್ಟಿ ಒಳಗಿಟ್ಟುಬಿಟ್ಟಿತ್ತು. ಚಿತ್ರ ಕೀಳಲು ಹೋದ ಯಂತ್ರಕ್ಕೆ ಚಿತ್ರ ಸಿಗಲಿಲ್ಲ, ಅಲ್ಲೇ ದಿಕ್ಕೆಟ್ಟು ನಿಂತಿತು.

ಅದನ್ನು ದಾಟಿಸಿ ಮುಂದಕ್ಕೆ ಬಿಟ್ಟರೆ ಎರಡು ನಿಮಿಷದಲ್ಲಿ ನಾನೂರ ಹನ್ನೆರಡು.

ಸೂಜಿಯ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

ಒಳಗಿರುವ ಚಿತ್ರ. ಒಳಗೆ ಇಟ್ಟುಕೊಂಡ ಪ್ರತಿ.

ಬೆಳಿಗ್ಗೆಯಿಂದ ತಾನು ಕಿತ್ತು ಎಸೆಯುತ್ತಿರುವುದು ಏನನ್ನು? ಪ್ರತಿ ತೆಗೆದಿಡೋಣವೆಂದರೆ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಪೆನ್‌ಡ್ರೈವ್ ಹಾಕುವ ಜಾಗಗಳಿಗೆಲ್ಲ ಆಸ್ಪತ್ರೆಯವರು ಟೇಪು ಹಚ್ಚಿ ಮುಚ್ಚಿದ್ದರು. ಇದೊಂದು ಪೊಟ್ಟಣ ಅಡ್ಡ ಬಾರದೆ ಹೋಗಿದ್ದರೆ ಇಷ್ಟು ಹೊತ್ತಿಗೆ ನಾನೂರ ಹನ್ನೆರಡರ ಹೊಟ್ಟೆಯೂ ಖಾಲಿಯಾಗಿರುತ್ತಿತ್ತು. ಅದೂ ತನ್ನ ಕೈಯಿಂದಲೇ.

ಅರ್ಧಕ್ಕೆ ನಿಂತ ಕೆಲಸವನ್ನು ಹಾಗೇ ಬಿಟ್ಟು, ನಾನೂರ ಹನ್ನೆರಡನ್ನು ತೆರೆದಳು.

ಮುದುಕ. ಬಿಳಿಗಡ್ಡ, ಒಣಗಿದ ತುಟಿ, ಮುಚ್ಚಿದ ಕಣ್ಣು. ಪಕ್ಕದಲ್ಲಿ ಬರಹ: ಪುರುಷ, ತರುವಾಗಲೇ ಮೃತ. ಫೋಟೋ ಸೇರಿಸಿದ್ದು ಮಂಗಳವಾರ, ನಾಲ್ಕೂ ಕಾಲು. ಆಮೇಲೆ ಈ ದಾಖಲೆಯನ್ನು ಯಾರೂ ಮುಟ್ಟಿಲ್ಲ. ಕಳೆದ ವಾರ ಇದನ್ನೇ ನೋಡಿ ಅವಳು ಸೋತು ಕೂತಿದ್ದಳು. ಮುಟ್ಟದೆ ಮುಖ ಬದಲಾಗುವುದು ಹೇಗೆ?

ಈಗ ಫೋಟೋದ ವಿಳಾಸ ನೋಡಿದಳು. ಮುನ್ನೂರ ತೊಂಬತ್ತೆಂಟರಿಂದ ಮುಂದಿನವೆಲ್ಲ ಒಳಗೆ ಸೇರಿಸದೆ ವಿಳಾಸದಿಂದ ಜೋಡಿಸಿದ ಫೋಟೋಗಳು. ಅಸಲು ಇರುವುದು ಫೋಟೋ ಕೋಣೆಯ ಫೋಲ್ಡರಿನಲ್ಲಿ. ದಾಖಲೆ ತೆರೆದಾಗಲೆಲ್ಲ ಸಾಫ್ಟ್‌ವೇರು ವೈರಿನ ಮೂಲಕ ಅಲ್ಲಿಗೆ ಹೋಗಿ, ಈ ಹೊತ್ತು ಏನಿದೆಯೋ ಅದನ್ನು ತಂದು ತೋರಿಸುತ್ತದೆ. ಹಾಗಾದರೆ ದಾಖಲೆಯನ್ನು ಮುಟ್ಟುವ ಅಗತ್ಯವೇನು? ಫೋಲ್ಡರಿನಲ್ಲಿ ಅದೇ ಹೆಸರಿನ ಬೇರೊಂದು ಫೋಟೋ ಇಟ್ಟರೆ ಸಾಕು.

ಫೋಲ್ಡರು ತೆರೆದು ಆ ಫೈಲು ಅಲ್ಲಿಗೆ ಬಂದ ಹೊತ್ತನ್ನು ನೋಡಿದಳು.

ಬುಧವಾರ, ಬೆಳಿಗ್ಗೆ ಒಂಬತ್ತು ನಲವತ್ತು.

“ಮಂಗಳವಾರ ಸೇರಿಸಿದ ಫೋಟೋ ಬುಧವಾರ ಬಂದಿದೆ,” ಎಂದಳು ಮೆಲ್ಲಗೆ.

ದರ್ಜಿಯಕ್ಕ ಬೆನ್ನ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಿರಲಿಲ್ಲ. “ಹಾಗಂದ್ರೆ?”

“ಹಾಗಂದ್ರೆ ನಿಮ್ಮ ತಲೆ ಸರಿಯಾಗಿದೆ ಅಕ್ಕ. ನೀವು ನೋಡಿದ್ದು ನಿಜ.”

ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಆ ಮಂಗಳವಾರದ ಮುಖ ಇನ್ನೂ ಒಳಗಿರಬಹುದು. ಮೊದಲ ಸಲ ಜೋಡಿಸಿದಾಗ ಇದು ಒಂದು ಸಣ್ಣ ಪ್ರತಿ ತೆಗೆದು ಇಟ್ಟುಕೊಂಡಿರುತ್ತೆ. ಅಸಲು ಸಿಗ್ತಾ ಇರೋವರೆಗೆ ಅದನ್ನ ತೋರಿಸಲ್ಲ. ಸಿಗದ ಹಾಗೆ ಮಾಡಿದ್ರೆ…”

ಸೂಜಿ ಮೇಜಿನ ಕೆಳಗೆ ಬಗ್ಗಿದಳು. ಧೂಳು, ಸತ್ತ ಜಿರಳೆ, ಸುರುಳಿ ಸುತ್ತಿದ ಮೂರು ವೈರು. ಅದರಲ್ಲಿ ನೀಲಿಯದ್ದು ಫೋಟೋ ಕೋಣೆಗೆ ಹೋಗುವುದು. ಹಿಡಿದು ಎಳೆದಳು. ಟಿಕ್ ಎಂದು ಬಿಚ್ಚಿಕೊಂಡಿತು.

ಮೇಲೆದ್ದು ದಾಖಲೆ ಮುಚ್ಚಿದಳು. ಮತ್ತೆ ತೆರೆದಳು.

ಪರದೆ ಬೆಳ್ಳಗೆ ನಿಂತಿತು. ಒಂದು ಸಂದೇಶ ಬಂತು: ಮೂಲ ಸಿಗುತ್ತಿಲ್ಲ, ಮತ್ತೆ ಹುಡುಕಲೇ? ಬೇಡ ಎಂದು ಒತ್ತಿದಳು. ಇನ್ನೊಮ್ಮೆ ಕೇಳಿತು. ಬೇಡ.

ಚೌಕದೊಳಗೆ ಒರಟು ಒರಟಾಗಿ, ಅಂಚೆಚೀಟಿಯಷ್ಟು ಅಗಲಕ್ಕೆ, ಒಂದು ಮುಖ ಮೂಡಿತು.

ಮುದುಕನದಲ್ಲ.

ಮೂವತ್ತರ ಆಸುಪಾಸಿನ ಗಂಡಸು. ಉದ್ದ ಮೂಗು, ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯ, ಬಾಚಿದ ಕೂದಲು. ಬೆನ್ನ ಹಿಂದೆ ವಜ್ರದಾಕಾರದ ಕಂಬಿಗಳ ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ಕಪ್ಪಗೆ ದುಂಡಗೆ ಏನೋ ಎರಡು.

ಹಿಂದಿನಿಂದ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. “ಅವನೇ. ಅವನೇ ಮೇಡಂ.”

ಸೂಜಿಗೆ ತಿರುಗಿ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ಕಣ್ಣು ಪರದೆಯಿಂದ ಕೀಳಲಾಗಲಿಲ್ಲ. ಏನೋ ಸರಿಯಿರಲಿಲ್ಲ. ಈ ಪಟ್ಟಿಯ ಮುನ್ನೂರ ತೊಂಬತ್ತಾರು ಮುಖ ಬೆಳಿಗ್ಗೆಯಿಂದ ಅವಳ ಕಣ್ಣ ಮುಂದೆ ಹಾದುಹೋಗಿದ್ದವು. ಅವುಗಳಲ್ಲಿ ಯಾವುದೂ ಹೀಗಿರಲಿಲ್ಲ.

“ಅಕ್ಕ,” ಎಂದಳು. “ಕಣ್ಣು ನೋಡಿ.”

“ಏನು?”

“ಬಿಟ್ಟಿದಾನೆ. ಕ್ಯಾಮೆರಾ ನೋಡ್ತಿದಾನೆ. ಕೂತಿದಾನೆ, ಮಲಗಿಲ್ಲ.” ಅವಳು ಪರದೆಗೆ ಬೆರಳು ತೋರಿಸಿದಳು. “ಈ ಫೋಟೋ ತೆಗೆಯುವಾಗ ನಿಮ್ಮ ತಮ್ಮ ಬದುಕಿದ್ರು.”

ಅತ್ತುಬಿಡುತ್ತಾಳೆ, ಇಲ್ಲವೇ ಕುಸಿದು ಕೂರುತ್ತಾಳೆ ಎಂದು ಸೂಜಿ ಕಾದಳು.

“ಇದು ಎಲ್ಲಿ ತೆಗೆದದ್ದು?” ಎಂದಳು ದರ್ಜಿಯಕ್ಕ.

“ಗೊತ್ತಿಲ್ಲ. ಕಿಟಕಿ ನೋಡಿದ್ರೆ ಇದೇ ಆಸ್ಪತ್ರೆ. ಇಲ್ಲಿ ಎಲ್ಲಾ ಕಟ್ಟಡಕ್ಕೂ, ಕ್ವಾರ್ಟರ್ಸಿಗೂ ಇದೇ ಕಂಬಿ.”

“ದೊಡ್ಡದು ಮಾಡಿ ಒಂದು ಕಾಪಿ ಕೊಡ್ತೀರಾ? ಮೂರು ವಾರ ಆಯ್ತು ಅವನ ಮುಖ ನೋಡಿ.”

ಕೊಡಬಾರದು. ದಾಖಲೆ ಕೋಣೆಯಿಂದ ಒಂದು ಚೂರು ಕಾಗದವೂ ಹೊರಗೆ ಹೋಗುವ ಹಾಗಿಲ್ಲ. ಸೂಜಿ ಪ್ರಿಂಟರು ಹಚ್ಚಿದಳು. ಮುಖ ಹಾಳೆಯ ತುಂಬ ಹರಡಿಕೊಂಡು ಹೊರಬಂತು. ದರ್ಜಿಯಕ್ಕ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಫೋಟೋ ಬದಲಾಯಿಸಿದ್ದು ಆ ಮೇಲ್ವಿಚಾರಕರೇನಾ?”

“ಅವರು ಆ ಫೋಲ್ಡರ್ ನೋಡಬಹುದು ಅಷ್ಟೇ. ಬರೆಯೋಕಾಗಲ್ಲ.” ಸೂಜಿ ಎದ್ದು ನಿಂತಳು. ಇನ್ನೊಂದು ಮಾತು ಹೇಳುವುದಿತ್ತು. ಈ ಹೆಂಗಸಿನಿಂದ ಇಲ್ಲಿಯವರೆಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. “ಅದರಲ್ಲಿ ಫೋಟೋ ಇಡೋದು, ತೆಗೆಯೋದು ಎಲ್ಲಾ ಒಬ್ಬರೇ. ಫೋಟೋಗ್ರಾಫರು. ನಮ್ಮ ಭಾವ.”

“ಓ.”

“ನೀವು ಇಲ್ಲೇ ಇರಿ. ನಾನು ಕೇಳ್ಕೊಂಡು ಬರ್ತೀನಿ.”

ಎಕ್ಸ್‌ರೇ ವಿಭಾಗದ ಉದ್ದನೆಯ ಓಣಿ ದಾಟಿ, ಮೆಟ್ಟಿಲಿನ ಕೆಳಗಿನ ಸಣ್ಣ ಬಾಗಿಲು. ಫಿಲ್ಮ್ ತೊಳೆಯುತ್ತಿದ್ದ ಕಾಲದ ಕತ್ತಲೆ ಕೋಣೆಯೇ ಈಗ ಫೋಟೋ ಕೋಣೆ. ಗೋಡೆಗೆ ಆಗಿನ ಕೆಂಪು ಬಲ್ಬು ಹಾಗೇ ಇತ್ತು. ಸೂಜಿಗೆ ಈ ಕೋಣೆಯ ಮೂಲೆ ಮೂಲೆ ಗೊತ್ತು. ಶಾಲೆ ಬಿಟ್ಟು ಬಂದು ಇಲ್ಲೇ ಮೇಜಿನ ಕೆಳಗೆ ಕೂತು ಲೆಕ್ಕ ಮಾಡುತ್ತಿದ್ದಳು. ತಪ್ಪಾದರೆ ಭಾವ ಬಯ್ಯುತ್ತಿರಲಿಲ್ಲ, ಇನ್ನೊಂದು ಸಲ ನೋಡು ಎನ್ನುತ್ತಿದ್ದ.

ಭಾವ ಹಳೆಯ ಬನಿಯನ್ನಿನ ತುಂಡಿನಿಂದ ಲೆನ್ಸು ಒರೆಸುತ್ತಿದ್ದ. ಐವತ್ತೆಂಟು ವರ್ಷ, ಭಾರದ ಮೈ, ಒಂದು ಕಾಲು ಎಳೆದು ನಡೆಯುವ ಮನುಷ್ಯ.

“ಏನು ಸೂಜಿ, ಊಟ ಆಯ್ತಾ?”

“ಭಾವ, ನಾನೂರ ಹನ್ನೆರಡರ ಫೋಟೋ ಬದಲಾಯಿಸಿದ್ದು ನೀವಾ?”

ಬಟ್ಟೆ ನಿಂತಿತು. ಮತ್ತೆ ಸುತ್ತತೊಡಗಿತು.

“ತಪ್ಪು ಫೋಟೋ ಹೋಗಿತ್ತು. ಸರಿಯಾದ್ದು ಇಟ್ಟೆ. ಆ ಮುದುಕನದ್ದೇ ಅಸಲಿ.”

“ಸರಿ ಮಾಡೋರು ನಾಲ್ಕು ಜನಕ್ಕೆ ಹೇಳಿ ಮಾಡ್ತಾರೆ. ನೀವು ಹೇಳಲಿಲ್ಲ. ನಾನು ಮೂರು ವಾರದಿಂದ ತಲೆ ಕೆಡಿಸ್ಕೊಂಡಿದೀನಿ, ನಿಮ್ಮ ಕಣ್ಣ ಮುಂದೆ. ದಿನಾ ಚಹಾ ಕುಡಿಸಿದ್ರಿ, ಒಂದು ಮಾತು ಬಾಯಿ ಬಿಡಲಿಲ್ಲ.”

“ಬಿಟ್ಟುಬಿಡು ಮಗಳೇ.”

“ಬಿಡೋದಾ? ತಪ್ಪಿ ಹೋದ ಫೋಟೋ ಯಾರದ್ದು? ಹೆಣದ ದಾಖಲೆಯಲ್ಲಿ ಬದುಕಿರೋನ ಫೋಟೋ ಹೇಗೆ ಬಂತು?”

ಭಾವ ತಲೆಯೆತ್ತಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೆದರಿದ ಮುಖವನ್ನು ಅವಳು ಈ ಮನುಷ್ಯನಲ್ಲಿ ಎಂದೂ ಕಂಡಿರಲಿಲ್ಲ.

“ನೋಡಿದೆಯಾ? ಹೇಗೆ ನೋಡಿದೆ? ನಾನು ಅಳಿಸಿದ್ದೆ.”

“ಫೋಲ್ಡರಿಂದ ಅಳಿಸಿದ್ರಿ. ಡೇಟಾಬೇಸಿನ ಹೊಟ್ಟೆಯೊಳಗೆ ಒಂದು ಪ್ರತಿ ಉಳಿದಿತ್ತು.”

“ಅಯ್ಯೋ.” ಅವನು ಲೆನ್ಸನ್ನು ಮೇಜಿನ ಮೇಲಿಟ್ಟು, ಎದ್ದು, ಬಾಗಿಲ ಚಿಲಕ ಹಾಕಿ ಬಂದ. “ಬೇರೆ ಯಾರಾದರೂ ನೋಡಿದರಾ?”

“ಮೊದಲು ನನಗೆ ಹೇಳಿ.”

ಹೇಳಲು ಅವನಿಗೆ ಸುಮಾರು ಹೊತ್ತು ಹಿಡಿಯಿತು. ಮಾತು ಶುರು ಮಾಡುವುದು, ನಿಲ್ಲಿಸುವುದು, ಬಾಟಲಿಯಿಂದ ನೀರು ಕುಡಿಯುವುದು. ಓಣಿಯಲ್ಲಿ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದಾಗ ಆ ಸದ್ದು ದೂರವಾಗುವವರೆಗೂ ಬಾಯಿ ಮುಚ್ಚಿ ಕೂತ.

“ಪೇಟೆಯ ಆ ದೊಡ್ಡ ಕಟ್ಟಡದ ಏಳನೇ ಮಹಡಿಯಿಂದ ಲಿಫ್ಟ್ ಬಿತ್ತಲ್ಲ, ನಾಲ್ಕು ಜನ ಹೋದರು. ಆ ನಾಲ್ಕು ಜನರ ಫೋಟೋ ತೆಗೆದವನು ನಾನೇ. ಒಬ್ಬಳ ಕೈಯಲ್ಲಿ ಇನ್ನೂ ಮನೆ ಬೀಗದ ಕೈ ಇತ್ತು.” ಅವನು ಕಣ್ಣು ಒರೆಸಿಕೊಂಡ. “ನೀನು ಫೋಟೋದಲ್ಲಿ ನೋಡಿದವನು ಆ ಲಿಫ್ಟಿನ ಮೆಕ್ಯಾನಿಕ್. ಹಗ್ಗ ಸವೆದಿದೆ, ಲಿಫ್ಟ್ ನಿಲ್ಲಿಸಿ ಅಂತ ಮೂರು ಸಲ ಬರೆದುಕೊಟ್ಟಿದ್ದ. ಕಟ್ಟಡದವರು ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಅವನದೇ ತಪ್ಪು ಅಂತ ಅವನ ತಲೆಗೆ ಕಟ್ಟೋಕೆ ನೋಡ್ತಿದಾರೆ. ಬರೆದದ್ದರ ಪ್ರತಿ ಅವನ ಹತ್ರ ಇದೆ ಅಂತ ಗೊತ್ತಾದ ದಿನವೇ ಹೊಡೆದು ರಸ್ತೆಗೆ ಎಸೆದರು. ಹುಬ್ಬು ಹರಿದುಕೊಂಡು ನನ್ನ ಬಾಗಿಲಿಗೆ ಬಂದ. ಆ ಜನ ಇವತ್ತಿಗೂ ಅವನನ್ನ ಹುಡುಕ್ತಿದಾರೆ.”

“ನಿಮ್ಮ ಬಾಗಿಲಿಗೆ ಯಾಕೆ?”

“ಇನ್ನೆಲ್ಲಿ ಹೋಗ್ತಾನೆ? ಅವನಪ್ಪ ಶವಾಗಾರದಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಸಾಯೋವಾಗ ನನ್ನ ಕೈ ಹಿಡಿದು ಮಗನ್ನ ನೋಡ್ಕೋ ಅಂದಿದ್ದ.” ಭಾವ ನಿಟ್ಟುಸಿರಿಟ್ಟ. “ಬರೋ ಸೋಮವಾರ ವಿಚಾರಣಾಧಿಕಾರಿ ಮುಂದೆ ಹೇಳಿಕೆ ಕೊಡ್ತಾನೆ. ಹೇಳಿಕೆಗೆ ಅಂಟಿಸೋಕೆ ಫೋಟೋ ಬೇಕಿತ್ತು, ತೆಗೆದೆ. ಕ್ಯಾಮೆರಾದ ಅದೇ ಕಾರ್ಡಿನಲ್ಲಿ ಆ ಮುದುಕನದ್ದೂ ಇತ್ತು. ಹೆಸರು ಕೊಡುವಾಗ ಕೈ ತಪ್ಪಿತು. ಇವನದಕ್ಕೆ ನಾನೂರ ಹನ್ನೆರಡು ಅಂತ ಕೊಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಜೀವ ಬಾಯಿಗೆ ಬಂತು.”

ಸೂಜಿ ಅವನ ಎದುರಿನ ಸ್ಟೂಲಿನ ಮೇಲೆ ಕೂತಳು. ಬೈಯಬೇಕೆಂದು ಬಂದವಳು. ಬೈಗುಳ ಎಲ್ಲಿಗೋ ಹೋಗಿತ್ತು.

“ಮೂರು ವಾರದಿಂದ ನಮ್ಮಕ್ಕ ‘ಮನೆಗೆ ಬಣ್ಣ ಹೊಡೆಸ್ತಿದೀನಿ, ಬರಬೇಡ’ ಅಂತಿರೋದು…”

“ಹಿಂದಿನ ಸಣ್ಣ ಕೋಣೆಯಲ್ಲಿದಾನೆ. ನಿನಗೆ ಹೇಳಬಾರದು ಅಂತಲ್ಲ. ನಿನಗೆ ಗೊತ್ತಾದರೆ ನಿನಗೂ ತೊಂದರೆ ಅಂತ.”

ಆಸ್ಪತ್ರೆಯ ಹಿಂಬದಿಯ ಕ್ವಾರ್ಟರ್ಸು. ವಜ್ರದಾಕಾರದ ಕಂಬಿ. ಕಿಟಕಿಯ ಕಟ್ಟೆಯ ಮೇಲೆ ಕಪ್ಪಗೆ ದುಂಡಗೆ ಎರಡು: ಭಾವನ ಹಳೆಯ ಲೆನ್ಸ್ ಡಬ್ಬಿಗಳು. ಇಲ್ಲಿಂದ ಐದು ನಿಮಿಷದ ದಾರಿ.

“ಇರಲಿ ಭಾವ. ನನಗೆ ಬೇಡ, ಅವನ ಅಕ್ಕನಿಗಾದರೂ ಹೇಳಬಹುದಿತ್ತಲ್ಲ? ಮೂರು ವಾರದಿಂದ ಆ ಹೆಂಗಸು ಅನ್ನ ನೀರು ಬಿಟ್ಟು ಈ ಕಿಂಡಿ ಮುಂದೆ ನಿಂತಿದಾಳೆ. ಬದುಕಿದಾನೆ ಅಂತ ಒಂದು ಮಾತು…”

“ಯಾವ ಅಕ್ಕ?”

“ಅವನ ಅಕ್ಕ. ಬಟ್ಟೆ ಹೊಲಿಯೋರು. ಈಗಲೂ ದಾಖಲೆ ಕೋಣೆಯಲ್ಲಿ ಕೂತಿದಾರೆ.”

ಭಾವ ಅವಳನ್ನೇ ದಿಟ್ಟಿಸಿದ.

“ಸೂಜಿ, ಅವನು ಒಬ್ಬನೇ ಮಗ. ಅವನಿಗೆ ಅಕ್ಕನೂ ಇಲ್ಲ, ತಂಗಿನೂ ಇಲ್ಲ.”

ಚಿಲಕ ಸರಿಸಿ ಬಾಗಿಲು ತೆರೆದಳು. ಓಣಿಯಲ್ಲಿ ಎಕ್ಸ್‌ರೇಗೆ ಕಾದು ಕೂತವರ ಕಾಲು ತುಳಿದುಕೊಂಡು, ಬೈಸಿಕೊಂಡು, ಸೂಜಿ ಓಡಿದಳು. ಹಿಂದೆ ಭಾವನ ಎಳೆಯುವ ಕಾಲಿನ ಸದ್ದು ದೂರವಾಗುತ್ತ ಬಂತು.

ದಾಖಲೆ ಕೋಣೆಯ ಬೆಂಚು ಖಾಲಿ. ಪ್ರಿಂಟರಿನಲ್ಲಿ ಹಾಳೆಯಿಲ್ಲ. ಪರದೆಯ ಮೇಲೆ ಮಾತ್ರ ಆ ಸಣ್ಣ ಮುಖ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

“ಇಲ್ಲಿದ್ದ ಹೆಂಗಸು ಎಲ್ಲಿ?”

ಬಾಗಿಲ ಕಾವಲುಗಾರ ಗಾಬರಿಯಿಂದ ಎದ್ದು ನಿಂತ. “ಅವರು ಆಗಲೇ ಹೋದರಲ್ಲ ಮೇಡಂ. ನೀವು ಆಕಡೆ ಹೋದಿರಿ, ಅವರು ಈಕಡೆ ಬ್ಯಾಗ್ ತಗೊಂಡು ಹೊರಟರು. ಅರ್ಧ ಗಂಟೆ ಆಯ್ತೇನೋ.”

“ಎಲ್ಲಿಗೆ ಅಂತ ಹೇಳಿದರಾ?”

“ಫೋಟೋದವರ ಕ್ವಾರ್ಟರ್ಸ್ ಯಾವುದು ಅಂತ ಕೇಳಿದರು. ನಿಮ್ಮ ಜೊತೆ ಬಂದವರಲ್ವಾ…” ಅವನ ದನಿ ಸಣ್ಣದಾಯಿತು. “ನಂಬರ್ ಹೇಳಿಬಿಟ್ಟೆ.”

ಸೂಜಿ ನಡೆಯುತ್ತಲೇ, ಓಡುತ್ತಲೇ ಮೊಬೈಲು ತೆಗೆದು ಅಕ್ಕನ ನಂಬರು ಒತ್ತಿದಳು. ಒಂದು ರಿಂಗು. ಎರಡು. ಐದು. ಹೊರಬಾಗಿಲಿನ ಬಿಸಿಲು ಮುಖಕ್ಕೆ ಹೊಡೆಯಿತು. ಏಳನೆಯ ರಿಂಗಿಗೆ ಅಕ್ಕ ಎತ್ತಿದಳು.

“ಏನೇ, ಓಡ್ತಾ ಇದೀಯಾ? ಯಾಕೆ ಏದುಸಿರು?”

“ಅಕ್ಕ, ಬಾಗಿಲು ಹಾಕ್ಕೋ. ಯಾರು ಬಂದರೂ…”

“ಯಾರು ಬಂದರೂ ಅಂದ್ರೆ? ನೀನು ಕಳಿಸಿದವಳು ಬಂದು ಆಗಲೇ ಹೊತ್ತಾಯ್ತು. ಪಾಪ, ಬಿಸಿಲಲ್ಲಿ ನಡ್ಕೊಂಡು ಬಂದಿದಾಳೆ. ಬಾಯಾರಿದೆ ಅಂದಳು, ಅವಳಿಗೇ ಅಂತ ಒಳಗೆ ನಿಂಬೆಹಣ್ಣು ಹಿಂಡ್ತಿದ್ದೆ.”

“ಅಕ್ಕ, ಕೇಳು. ಹಿಂದಿನ ಕೋಣೆ…”

“ಹಾಂ? ಕೇಳಿಸ್ತಿಲ್ಲ. ಇರು, ಹೊರಗೆ ಬರ್ತೀನಿ.” ಲೋಟ ಕೆಳಗಿಟ್ಟ ಸದ್ದು. ಚಪ್ಪಲಿಯ ಸದ್ದು. ಆಮೇಲೆ ಅಕ್ಕನ ದನಿ, ಫೋನಿನಿಂದ ತುಸು ದೂರ, ತನಗೆ ತಾನೇ ಎಂಬಂತೆ:

“ಅರೆ, ಇಲ್ಲೇ ಕೂತಿದ್ದಳಲ್ಲ…”